ಪದ ಪರಿಚಯ: ಬೈಲು

ಉಡುಪಿಯಲ್ಲಿ ಗುಂಡಿಬೈಲು, ಮಂಗಳೂರಿನಲ್ಲಿ ಕೊಡಿಯಾಲಬೈಲು. ಘಟ್ಟದ ಮೇಲಿನವರಿಗೆ ಬಯಲೆಂದರೆ ಕಣ್ಣು ಹಾಯುವಷ್ಟೂ ಮಟ್ಟಸ ನೆಲ. ನಮ್ಮ ಬೈಲು ಅದಲ್ಲ. ಎರಡು ಗುಡ್ಡಗಳ ನಡುವೆ ತೋಡಿನ (ಸಣ್ಣ ಹಳ್ಳದ) ಮಗ್ಗುಲಲ್ಲೇ ಹಬ್ಬಿದ, ಸುಲಭಕ್ಕೆ ತೇವ ಆರದ ತಗ್ಗಿನ ಗದ್ದೆ. ಅದಕ್ಕಿಂತ ಎತ್ತರದ್ದು ಮಜಲು. ಮಳೆಯನ್ನೇ ನಂಬಿದ್ದು ಬೆಟ್ಟು. ನೀರಿನ ಅನುಕೂಲವಿದ್ದ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಭತ್ತದ ಬೆಳೆ. ಮಜಲಿಗೆ ಎರಡು, ಬೆಟ್ಟಿಗೆ ಒಂದೇ.

ಕೊಂಕಣ ರೈಲಿನ ಕಿಟಕಿಯಿಂದ ಈ ಹಸಿರು ಕಂಡು ‘ಎಂಥ ಪ್ರಕೃತಿ!’ ಎನ್ನುವವರು ಬಹಳ. ಪ್ರಕೃತಿ ಕೊಟ್ಟದ್ದು ಕಣಿವೆ ಮತ್ತು ನೀರು ಮಾತ್ರ. ಪೊದೆ ಸವರಿ, ಇಳಿಜಾರು ತಟ್ಟಿ ಮೆಟ್ಟಿಲು ಮಾಡಿ, ಕಟ್ಟಪುಣಿ (ಗದ್ದೆಯ ಬದು) ಹಾಕಿ, ತೋಡಿಗೆ ಅಡ್ಡ ಕಟ್ಟ ಕಟ್ಟಿದವರು ಹೆಸರು ಉಳಿಯದ ತಲೆಮಾರುಗಳು.

ಬೈಲಿನ ಕಥೆ ಬೈಲಿನಲ್ಲೇ ಮುಗಿಯುವುದಿಲ್ಲ, ಗುಡ್ಡ ಹತ್ತಬೇಕು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಹೊಯ್ಯುವ ಊರಿನಲ್ಲಿ ಮಣ್ಣಿನ ಸಾರ ತೊಳೆದು ಹೋಗುತ್ತದೆ. ಅದನ್ನು ತುಂಬಿದ್ದು ಸೊಪ್ಪು. ಗುಡ್ಡದ ಸೊಪ್ಪು, ತರಗೆಲೆ ದನದ ಹಟ್ಟಿಗೆ ಬಂತು, ಹಟ್ಟಿಯಿಂದ ಗೊಬ್ಬರವಾಗಿ ಗದ್ದೆಗಿಳಿಯಿತು. ಕಂದಾಯದವರ ‘ಕುಮ್ಕಿ’ ಇದಕ್ಕೇ ಹುಟ್ಟಿದ್ದು: ವರ್ಗ ಜಮೀನಿನಿಂದ (ಕಂದಾಯ ಕಟ್ಟುವ ಹಿಡುವಳಿಯಿಂದ) 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ, ದನ ಮೇಯಿಸುವ ಸವಲತ್ತು. ಶತಮಾನಗಟ್ಟಲೆ ಗುಡ್ಡ ಬೈಲಿಗೆ ಉಣಿಸುತ್ತಲೇ ಹೋಯಿತು. ಮೇಲೆ ಉಳಿದದ್ದು ಪದವು, ಮಳೆಗಾಲದಲ್ಲಷ್ಟೇ ಹುಲ್ಲು ಹೊದೆಯುವ ಬೋಳು ಹಾಸು.

ಎಲ್ಲವನ್ನೂ ಮನುಷ್ಯನ ತಲೆಗೆ ಕಟ್ಟುವುದೂ ಸರಿಯಲ್ಲ. ಅಡಿಯ ಮುರಕಲ್ಲು (ಜಂಬಿಟ್ಟಿಗೆ) ಲಕ್ಷಾಂತರ ವರ್ಷಗಳ ಮಳೆ-ಬಿಸಿಲಿನ ಕೆಲಸ. ಎಷ್ಟೋ ಕಡೆ ಅದರ ಮೇಲೆ ಮರ ಬೇರೂರುವಷ್ಟು ಮಣ್ಣೇ ಇಲ್ಲ. ಆದರೆ ಅದೇ ಕೆಂಪು ನೆಲದ ನಾಗಬನಗಳನ್ನು ನೋಡಿ. ಕತ್ತಿ ತಾಗದ ಆ ತುಂಡುಗಳಲ್ಲಿ ಹಗಲೂ ಕತ್ತಲೆ ಕವಿಯುವಷ್ಟು ಮರ, ಬಳ್ಳಿ. ಸುತ್ತಲಿನ ಗುಡ್ಡದಲ್ಲೂ ಏನೆಲ್ಲ ಬೆಳೆಯಬಹುದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ಅಂಗಡಿ ಗೊಬ್ಬರ, ಗ್ಯಾಸ್ ಒಲೆ. ಸೊಪ್ಪಿಗೆ ಹೋಗುವವರು ಕಡಿಮೆ. ಗುಡ್ಡಗಳಿಗೆ ಗೇರು, ಅಕೇಶಿಯಾ ಬಂದಿವೆ, ಅದನ್ನೂ ಕಾಡು ಅನ್ನುತ್ತೇವೆ. ಕೆಳಗೆ ಗದ್ದೆ ಹಡಿಲು (ಪಾಳು) ಬೀಳುತ್ತಿದೆ, ಇಲ್ಲವೇ ಕೆಂಪು ಮಣ್ಣು ತುಂಬಿಸಿಕೊಂಡು ಸೈಟಾಗುತ್ತಿದೆ. ಪುಣಿ ಒಡೆದ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಇಂಗದೆ ನೇರ ತೋಡಿಗೆ ಓಡುತ್ತದೆ, ಪಕ್ಕದ ಮನೆಯ ಬಾವಿ ಬೇಸಿಗೆಯಲ್ಲಿ ಬೇಗ ತಳ ಕಾಣುತ್ತದೆ.