ಕೋಳಿ ತೆಗೆದ ಸಾರಿನಲ್ಲಿ ಕಾಣೆಯಾದದ್ದೇನು?

ನಮ್ಮದು ಮಂಡ್ಯ ಕಡೆಯ ಮನೆ. ಭಾನುವಾರ ನೆಂಟರು ಬರುತ್ತಾರೆಂದರೆ ಕೋಳಿಯೋ ಮರಿಯೋ ಅನ್ನುವುದಷ್ಟೇ ಚರ್ಚೆ. ಅಂಥ ಮನೆಗೆ ಒಮ್ಮೆ ಗೆಳೆಯನೊಬ್ಬ ಹೆಂಡತಿಯನ್ನು ಕರೆದುಕೊಂಡು ಊಟಕ್ಕೆ ಬಂದ. ಅವನು ಸಸ್ಯಾಹಾರಿ, ಆಕೆ ಹಾಲು, ತುಪ್ಪವನ್ನೂ ಮುಟ್ಟದ ವೀಗನ್. ನಾನು ಕೋಳಿ ಸಾರಿನ ಮಸಾಲೆಯನ್ನೇ ಅರೆದು, ಕೋಳಿಯ ಜಾಗಕ್ಕೆ ಹೂಕೋಸು, ಆಲೂಗಡ್ಡೆ ಹಾಕಿದೆ. ಬಣ್ಣ ಬಂತು, ಘಮ ಬಂತು, ಖಾರವೂ ಬಂತು. ಬಾಯಿಗಿಟ್ಟರೆ ನೀರು ನೀರು. ಅಮ್ಮ ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ನೆಕ್ಕಿ, "ಕಸುವೇ ಇಲ್ವಲ್ಲೋ" ಅಂದರು. ಗಾಬರಿಯಲ್ಲಿ ಮೇಲಿಂದ ತುಪ್ಪದ ಒಗ್ಗರಣೆ ಕೊಟ್ಟೆ. ಅಲ್ಲಿಗೆ ಆಕೆಯ ಪಾಲಿಗೆ ಸಾರೂ ಹೋಯಿತು. ಕೋಸಂಬರಿ, ಬಾಳೆಹಣ್ಣು ತಿಂದು ಎದ್ದರು.

ಅಮ್ಮ 'ಕಸುವು' ಅಂದದ್ದಕ್ಕೆ ರಸಾಯನಶಾಸ್ತ್ರದಲ್ಲಿ ಹೆಸರಿದೆ. 1908ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಿಕುನೆ ಇಕೆಡ, ಜಪಾನಿ ಅಡುಗೆಯ ಕೊಂಬು ಎಂಬ ಕಡಲಕಳೆಯನ್ನು ಕುದಿಸಿ, ಸೋಸಿ, ಬತ್ತಿಸಿ, ಅದರ ರುಚಿಯ ಮೂಲ ಗ್ಲುಟಮೇಟ್ ಎಂಬ ಅಮೈನೋ ಆಮ್ಲ ಎಂದು ಹಿಡಿದರು. ಸಿಹಿ, ಹುಳಿ, ಉಪ್ಪು, ಕಹಿ ಯಾವುದಕ್ಕೂ ಸೇರದ ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮ ಒಣಮೀನಿನ ರುಚಿಯ ಹಿಂದೆ ಇನೋಸಿನೇಟ್ ಇದೆ ಎಂದು ಕಂಡುಕೊಂಡರು. 1957ರಲ್ಲಿ ಅಕಿರಾ ಕುನಿನಾಕ ಮೂರನೆಯದನ್ನು ಹಿಡಿದರು: ಗ್ವಾನಿಲೇಟ್. ಒಣಗಿಸಿದ ಶಿಟಾಕೆ ಅಣಬೆಯಲ್ಲಿ ಅದು ಧಾರಾಳ. ಅದಕ್ಕಿಂತ ದೊಡ್ಡ ಸಂಗತಿಯನ್ನು ತೋರಿಸಿಕೊಟ್ಟವರೂ ಅವರೇ. ಗ್ಲುಟಮೇಟಿಗೆ ಉಳಿದೆರಡರಲ್ಲಿ ಒಂದನ್ನು ಬೆರೆಸಿದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಗ್ಲುಟಮೇಟ್, ಇನೋಸಿನೇಟ್ ಸಮಪಾಲಿದ್ದರೆ ಏಳೆಂಟು ಪಟ್ಟು ಏರುತ್ತದೆ.

ಇದು ಹೇಗೆ ಅನ್ನುವುದು ನನಗೆ ಬಲು ಇಷ್ಟದ ವಿಷಯ, ಸ್ವಲ್ಪ ತಾಳ್ಮೆ ಇರಲಿ. ನಾಲಗೆಯ ಮೇಲೆ ಉಮಾಮಿಯನ್ನು ಹಿಡಿಯುವ ಪ್ರೋಟೀನು, ಅಂದರೆ ಅದರ ಗ್ರಾಹಕ, ಅರ್ಧ ಬಿರಿದ ಅವರೆಕಾಯಿಯ ಹಾಗೆ ಬಾಯಿ ತೆರೆದುಕೊಂಡಿರುತ್ತದೆ. ಗ್ಲುಟಮೇಟ್ ಒಳಗೆ, ಸಿಪ್ಪೆಯೆರಡೂ ಕೂಡುವ ಬುಡಕ್ಕೆ ಬಂದು ಕೂತರೆ ಕಾಯಿ ಮುಚ್ಚಿಕೊಳ್ಳುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಆದರೆ ಈ ಮುಚ್ಚುವಿಕೆ ಬಿಗಿಯಿಲ್ಲ. ಗಾಳಿಗೆ ತೆರೆದುಕೊಳ್ಳುವ ಬಾಗಿಲಿನಂತೆ, ಗ್ಲುಟಮೇಟ್ ಬೇಗ ಜಾರಿ ಹೊರಬರುತ್ತದೆ. ಇನೋಸಿನೇಟ್ ಅಥವಾ ಗ್ವಾನಿಲೇಟ್ ಬಂದು ಕೂರುವುದು ಕಾಯಿಯ ತುಟಿಯ ಹತ್ತಿರ. ಬಾಗಿಲಿಗೆ ಅಗಣಿ ಬಿದ್ದಂತಾಯಿತು. ಬುತ್ತಿಯ ಗಂಟನ್ನು ಒಬ್ಬರು ಕಟ್ಟುವಾಗ ಇನ್ನೊಬ್ಬರು ಬೆರಳಿಟ್ಟು ಅದುಮಿ ಹಿಡಿಯುತ್ತಾರಲ್ಲ, ಆ ಬೆರಳು ಅಂದರೂ ಸರಿ. ಬೆರಳು ತಾನಾಗಿ ಗಂಟು ಕಟ್ಟಲಾರದು, ಅದಿಲ್ಲದಿದ್ದರೆ ಗಂಟೂ ಸಡಿಲ. ಈ ಅಗಣಿಯ ವಿವರ ಬಯಲಾದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಅಡುಗೆಯವರು ಅದನ್ನು ನೂರಾರು ವರ್ಷ ಬಳಸಿಯಾಗಿತ್ತು.

ಈಗ ನನ್ನ ಹೂಕೋಸಿನ ಸಾರಿಗೆ ಬನ್ನಿ. ಪ್ರಾಣಿ ಸತ್ತ ಮೇಲೆ ಅದರ ಸ್ನಾಯುವಿನಲ್ಲಿ ಶಕ್ತಿ ತುಂಬಿಟ್ಟ ಎಟಿಪಿ ಎಂಬ ಅಣು ಒಡೆಯುತ್ತಾ ಇನೋಸಿನೇಟ್ ಆಗುತ್ತದೆ. ಮಾಂಸದ ಸಾರಿನಲ್ಲಿ ಅಗಣಿ ತಾನಾಗಿಯೇ ಇರುತ್ತದೆ. ನಾನು ಕೋಳಿ ತೆಗೆದಾಗ ಅಗಣಿಯನ್ನೂ ತೆಗೆದಿದ್ದೆ. ಟೊಮೆಟೊದ ಗ್ಲುಟಮೇಟ್ ಇತ್ತು, ಆದರೆ ಒಂಟಿಯಾಗಿತ್ತು. ತರಕಾರಿಯಲ್ಲಿ ಇನೋಸಿನೇಟ್ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಇನ್ನಷ್ಟು ಮಸಾಲೆ, ಇನ್ನಷ್ಟು ಖಾರ ಸುರಿದರೂ ಆ ಹಳ್ಳ ತುಂಬಲಿಲ್ಲ.

ಬೌದ್ಧ ಮಠಗಳ ಅಡುಗೆಯವರು ಇದನ್ನು ಸೂತ್ರ ಬರೆಯದೆ ಬಿಡಿಸಿದ್ದರು. ಜಪಾನಿನ ಮಠಗಳ ಅಡುಗೆಯಲ್ಲಿ ಮೀನು, ಮಾಂಸ ಇಲ್ಲ, ಸಾರಿನ ತಳಹದಿ ಕೊಂಬು ಮತ್ತು ಒಣ ಶಿಟಾಕೆ. ಒಂದರಲ್ಲಿ ಗ್ಲುಟಮೇಟ್, ಇನ್ನೊಂದರಲ್ಲಿ ಗ್ವಾನಿಲೇಟ್! ಝೆನ್ ಗುರು ಡೋಗೆನ್ 1223ರಲ್ಲಿ ಚೀನಾಕ್ಕೆ ಹೋದಾಗ, ಬಂದರಿನಲ್ಲಿ ನಿಂತಿದ್ದ ಅವನ ಹಡಗಿಗೆ ಒಂದು ಮಠದ ಮುದುಕ ಅಡುಗೆಯವನು ಬಹಳ ದೂರ ನಡೆದು ಬಂದನಂತೆ. ಮರುದಿನ ಭಿಕ್ಷುಗಳಿಗೆ ನೂಡಲ್ಸ್ ಸಾರು ಮಾಡಬೇಕಿತ್ತು, ಅದಕ್ಕೆ ಜಪಾನಿನ ಸರಕು ಬೇಕಿತ್ತು. ಆ ಸರಕಿನ ಹೆಸರನ್ನು ಅಣಬೆ ಎಂದು ಓದುವವರು ಬಹಳ ಮಂದಿ. ಇವತ್ತು ಇಲ್ಲೇ ಉಳಿದು ಮಾತಾಡಿ ಎಂದು ಡೋಗೆನ್ ಕೇಳಿಕೊಂಡರೂ ಮುದುಕ ನಿಲ್ಲಲಿಲ್ಲ, ಅಡುಗೆ ಕೆಲಸ ಇದೆ ಎಂದು ಹೊರಟೇಬಿಟ್ಟ.

ನಮ್ಮಲ್ಲಿ ಅಣಬೆ ಎಂದ ಕೂಡಲೇ ಒಂದಷ್ಟು ಮನೆಗಳಲ್ಲಿ "ಅದು ನಾನ್‌ವೆಜ್" ಎಂಬ ತೀರ್ಪು ಬರುತ್ತದೆ. ಅದು ಗಿಡವೂ ಅಲ್ಲ ಪ್ರಾಣಿಯೂ ಅಲ್ಲ, ಶಿಲೀಂಧ್ರ. ಇಡ್ಲಿ ಹಿಟ್ಟಿನಲ್ಲಿ ಸೇರಿಕೊಳ್ಳುವ ಯೀಸ್ಟಿನ ದೂರದ ಬಂಧು. ಆದರೂ ಬರುವವರನ್ನು ಮೊದಲೇ ಕೇಳಿ, ಈರುಳ್ಳಿ ಬೆಳ್ಳುಳ್ಳಿ ಆಗುತ್ತದೆಯೇ ಎಂದು ಕೇಳುವ ಉಸಿರಿನಲ್ಲೇ. ನನ್ನನ್ನು ನಿಜವಾಗಿ ಹೆದರಿಸುವುದು ಬೇರೆ ನಂಬಿಕೆ. ಅಣಬೆ ಬೇಯುವಾಗ ಬೆಳ್ಳಿ ಚಮಚವೋ ಬೆಳ್ಳುಳ್ಳಿಯೋ ಹಾಕಿ ನೋಡಿ, ಕಪ್ಪಾಗದಿದ್ದರೆ ವಿಷವಿಲ್ಲ ಅನ್ನುತ್ತಾರೆ. ಶುದ್ಧ ಸುಳ್ಳು! ಯಕೃತ್ತನ್ನು ಕೊಲ್ಲುವ ಅಮಟಾಕ್ಸಿನ್‌ಗಳು ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ, ಬೇಯಿಸಿದರೂ ನಾಶವಾಗುವುದಿಲ್ಲ. ಗುರುತು ಬಲ್ಲವರು ಜೊತೆಗಿಲ್ಲದೆ ಹೊಲದ ಬದುವಿನ ಅಣಬೆ ಕಿತ್ತು ತರಬೇಡಿ. ಅಂಗಡಿಯ ಪೊಟ್ಟಣ ಸಾಕು.

ಇನ್ನೊಂದು ಹೆದರಿಕೆ ಅಜಿನೊಮೊಟೊದ್ದು, ಅಂದರೆ ಇದೇ ಗ್ಲುಟಮೇಟಿನ ಪುಡಿಯದ್ದು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ವೈದ್ಯರೊಬ್ಬರು ಬರೆದ ಸಣ್ಣ ಪತ್ರದಿಂದ ಹುಟ್ಟಿದ ಗುಲ್ಲು ಅದು. ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕತ್ತು ಜೋಮು ಹಿಡಿಯುತ್ತದೆ ಎಂದಿದ್ದರು, ಕಾರಣವಿರಬಹುದಾದ ಹಲವನ್ನು ಊಹಿಸಿದ್ದರು. ಜಗತ್ತು ಒಂದನ್ನೇ ಹಿಡಿದುಕೊಂಡಿತು. ಆಮೇಲಿನ ಪರೀಕ್ಷೆಗಳಲ್ಲಿ, ಯಾರಿಗೆ ಏನು ಕೊಟ್ಟಿದೆ ಎಂದು ಗೊತ್ತಾಗದಂತೆ ಕೊಟ್ಟಾಗ, ಊಟದ ಪ್ರಮಾಣದಲ್ಲಿ ಅಂಥ ತೊಂದರೆ ಸ್ಥಿರವಾಗಿ ಕಾಣಿಸಲಿಲ್ಲ. ಟೊಮೆಟೊದ ಗ್ಲುಟಮೇಟಿಗೂ ಪುಡಿಯದ್ದಕ್ಕೂ ನಾಲಗೆಗೆ ವ್ಯತ್ಯಾಸ ತಿಳಿಯದು. ತಾಯಿಯ ಎದೆಹಾಲಿನಲ್ಲಿ ಬಿಡಿಯಾಗಿರುವ ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದೂ ಅದೇ. ಗೋಬಿ ಮಂಚೂರಿ ಗಾಡಿಯಲ್ಲಿ 'ಅಜಿನೊಮೊಟೊ ಬಳಸುವುದಿಲ್ಲ' ಎಂದು ಬೋರ್ಡು ತಗುಲಿಸಿ, ಅದರ ಕೆಳಗೇ ಗ್ಲುಟಮೇಟ್ ತುಂಬಿದ ಸೋಯಾ ಸಾಸನ್ನು ಸುರಿಯುವುದನ್ನು ನೋಡಿದಾಗಲೆಲ್ಲ ನನಗೆ ನಗು.

ಹಾಗೆಂದು ಪುಡಿ ಹಾಕಿ ಎನ್ನುತ್ತಿಲ್ಲ. ನಮ್ಮ ಬಸ್ಸಾರು ಇರುವಾಗ ಅದರ ಅಗತ್ಯವೇ ಬೀಳುವುದಿಲ್ಲ. ಬೇಳೆಕಾಳಿನ ಪ್ರೋಟೀನಿನಲ್ಲಿ ಗ್ಲುಟಮೇಟ್ ಬಹಳ ಇದೆ, ಆದರೆ ಕಟ್ಟಿದ ಹೂವಿನ ಹಾಗೆ ದಾರಕ್ಕೆ ಸಿಕ್ಕಿಕೊಂಡಿದೆ. ನಾಲಗೆ ಗುರುತಿಸುವುದು ಬಿಡಿ ಹೂವನ್ನು ಮಾತ್ರ. ಐನೂರರ ನೋಟಿದ್ದರೂ ಬಸ್ಸಿನಲ್ಲಿ ಚಿಲ್ಲರೆ ಇಲ್ಲದೆ ಪರದಾಡುತ್ತೇವಲ್ಲ, ಹಾಗೆ. ಹುರುಳಿಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಾಗ, ಸಸಿಗೆ ಊಟ ಹೊಂದಿಸಲು ಕಾಳಿನ ಕಿಣ್ವಗಳು ಆ ಮಾಲೆಯನ್ನು ಕತ್ತರಿಸತೊಡಗುತ್ತವೆ. ಬೇಯಿಸಿ ಬಸಿದ ಕಟ್ಟಿನ ನೀರಿಗೆ ಒಂದಿಷ್ಟು ಬಿಡಿ ಹೂ ಇಳಿಯುತ್ತದೆ. ಟೊಮೆಟೊ ಪೂರ್ತಿ ಕೆಂಪಾಗಿರಲಿ, ಮಾಗಿದಷ್ಟೂ ಬಿಡಿ ಗ್ಲುಟಮೇಟ್ ಏರುತ್ತದೆ. ಬೀಜದ ಸುತ್ತಲಿನ ಲೋಳೆಯಲ್ಲಿ ತಿರುಳಿಗಿಂತ ಹೆಚ್ಚು ಇರುತ್ತದೆ, ಹೋಟೆಲ್ ಗತ್ತಿನಲ್ಲಿ ಅದನ್ನು ತೆಗೆದೆಸೆಯಬೇಡಿ.

ಅಗಣಿಗೆ ಒಣ ಶಿಟಾಕೆ ನಾಲ್ಕು. ತೊಳೆದು, ತಣ್ಣೀರಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸುತ್ತೇನೆ. ಬೆಳಿಗ್ಗೆ ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ಬಂದಿರುತ್ತದೆ. ಆಮೇಲೆ ಅಣಬೆ ಸಮೇತ ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಬೇಕು. ತಾಜಾ ಅಣಬೆಯಲ್ಲಿ ಗ್ವಾನಿಲೇಟ್ ಕಡಿಮೆ. ಒಣಗುವಾಗ ಜೀವಕೋಶ ಒಡೆದು, ಬಿಸಿಯಾಗುವಾಗ ಒಳಗಿನ ಕಿಣ್ವ ಆರ್‌ಎನ್‌ಎಯನ್ನು ಕತ್ತರಿಸಿದಾಗಲೇ ಅದು ಹುಟ್ಟುವುದು. 60ರಿಂದ 70 ಡಿಗ್ರಿಯ ಆಸುಪಾಸು ಅದಕ್ಕೆ ಒಳ್ಳೆಯ ಹದ: ಪಾತ್ರೆಯಿಂದ ಹಬೆ ಏಳಬೇಕು, ಕುದಿಯಬಾರದು, ಬೆರಳು ಅದ್ದಿದರೆ ತಕ್ಷಣ ಎಳೆದುಕೊಳ್ಳುವಂತಿರಬೇಕು.

ಎರಡನೇ ಸಲ ಅವರು ಬಂದಾಗ ಹುರುಳಿಕಟ್ಟಿಗೆ ಎರಡು ಸೌಟು ಈ ನೀರು ಬಿತ್ತು. ಮಸಾಲೆಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಧನಿಯ, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಸೆ, ಬೆಂದ ಕಾಳು ಒಂದು ಹಿಡಿ. ಒಗ್ಗರಣೆ ಕಡಲೆಕಾಯಿ ಎಣ್ಣೆಯದು. ಹೇಳಿಕೇಳಿ ಮುದ್ದೆ, ಬಸ್ಸಾರು, ಉಪ್ಸಾರಿನಂಥ ನಮ್ಮ ದಿನದ ಅಡುಗೆ ತುಪ್ಪ, ಮೊಸರು ಬಡಿಸದಿದ್ದರೆ ಹುಟ್ಟಾ ವೀಗನ್. ನೆಂಟರಿಗೆಂದು ಪನೀರು, ಕ್ರೀಮು ತಂದು ಕೆಡಿಸಿಕೊಳ್ಳುವವರು ನಾವೇ. ಆಕೆ ಸಾರನ್ನು ಬಟ್ಟಲಿಗೆ ಹಾಕಿಸಿಕೊಂಡು ಹಾಗೇ ಕುಡಿದರು. ಅಮ್ಮ ನೆಕ್ಕಿ ನೋಡಿ ಏನೂ ಹೇಳಲಿಲ್ಲ, ತಮ್ಮ ಮುದ್ದೆಗೆ ಇನ್ನೊಂದು ಸೌಟು ಬಿಟ್ಟುಕೊಂಡರು.

ನೀರು ಬಸಿದ ಮೇಲೆ ಉಳಿಯುವ ಅಣಬೆಯನ್ನು ಸಣ್ಣಗೆ ಹೆಚ್ಚಿ ಕಾಳಿನ ಪಲ್ಯಕ್ಕೆ ಸೇರಿಸಬಹುದು. ತೊಟ್ಟು ಮಾತ್ರ ಎಷ್ಟು ಬೆಂದರೂ ಚಕ್ಕಳ, ಅದನ್ನು ಕಿತ್ತುಬಿಡಿ.