ನಮ್ಮೂರ ಉಚ್ಚಾರಕ್ಕೆ ಐಇಎಲ್‌ಟಿಎಸ್‌ನಲ್ಲಿ ಅಂಕ ಕಡಿಯುತ್ತಾರಾ?

ಪ್ರಶ್ನೆ: "ಮೇಡಂ, ಹತ್ತನೇ ಕ್ಲಾಸಿನವರೆಗೂ ನಂದು ಕನ್ನಡ ಮೀಡಿಯಂ. ಈಗ ಇಂಜಿನಿಯರಿಂಗ್ ಮುಗೀತು. ಎಂ.ಎಸ್. ಮಾಡೋಕೆ ಹೊರದೇಶಕ್ಕೆ ಹೋಗ್ಬೇಕು ಅಂತಿದೀನಿ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಲಿ 9ಕ್ಕೆ ಆರೂವರೆ ಬೇಕಂತೆ. ಆದ್ರೆ ನಾನು ಇಂಗ್ಲಿಷ್ ಮಾತಾಡಿದ್ರೆ ಹಳ್ಳಿಯವನು ಅಂತ ಗೊತ್ತಾಗಿಬಿಡುತ್ತೆ. ಮೊದಲು ಆಕ್ಸೆಂಟ್ ಕ್ಲಾಸಿಗೆ ಸೇರ್ಬೇಕಾ?"

ಬೇಡ. ಆ ದುಡ್ಡು ಪರೀಕ್ಷೆಯ ಫೀಸಿಗೆ ಇರಲಿ.

ಈ ಪ್ರಶ್ನೆ ಗೌರಿಬಿದನೂರಿನಿಂದ ಬರುತ್ತದೆ, ಚಿಂತಾಮಣಿಯಿಂದ ಬರುತ್ತದೆ, ಬಾಗೇಪಲ್ಲಿಯಿಂದಂತೂ ಜಾಸ್ತಿನೇ ಬರುತ್ತದೆ. ಮನೇಲಿ ತೆಲುಗು, ಶಾಲೇಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್ ಅಂತ ಬೆಳೆದ ಮಕ್ಕಳು. ಮೂರು ಭಾಷೆ ನಿಭಾಯಿಸುವ ಮಕ್ಕಳು ನಾಲಿಗೆ ಸರಿಯಿಲ್ಲ ಅಂತ ಕೊರಗುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಎಷ್ಟು ಸಲ ಹೇಳಿದರೂ ಮುಂದಿನ ಬ್ಯಾಚ್ ಅದೇ ಪ್ರಶ್ನೆ ಹಿಡಿದು ಬರುತ್ತದೆ. ಹಾಗಾಗಿ ಈ ಸಲ ಬರೆದೇ ಇಡುತ್ತಿದ್ದೇನೆ.

ಪರೀಕ್ಷೆಯ ಸ್ವರೂಪ ನಿಮಗೆ ಗೊತ್ತೇ ಇರುತ್ತದೆ. ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್. ನಾಲ್ಕರ ಸರಾಸರಿ ನಿಮ್ಮ ಒಟ್ಟು ಬ್ಯಾಂಡ್, ಅಂದರೆ ಅಂಕ. ಸ್ಪೀಕಿಂಗ್ ಎಂದರೆ ಒಬ್ಬ ಪರೀಕ್ಷಕರ ಜೊತೆ 11ರಿಂದ 14 ನಿಮಿಷದ ಮಾತು. ಅದಕ್ಕೆ ನಾಲ್ಕು ಅಳತೆಗಳಿವೆ: ತಡವರಿಸದೆ, ಒಂದಕ್ಕೊಂದು ಹೊಂದುವಂತೆ ಮಾತಾಡುವುದು, ಪದಗಳು, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮ ಪಾಲು. ಈಗ ಲೆಕ್ಕ ಹಾಕಿ. ಉಚ್ಚಾರ ಸ್ಪೀಕಿಂಗ್‌ನ ಕಾಲು ಭಾಗ, ಸ್ಪೀಕಿಂಗ್ ಇಡೀ ಪರೀಕ್ಷೆಯ ಕಾಲು ಭಾಗ. ಅಂದರೆ ಒಟ್ಟು ಬ್ಯಾಂಡ್‌ನಲ್ಲಿ ಉಚ್ಚಾರದ ಪಾಲು 16ರಲ್ಲಿ 1. ಆ ಒಂದು ಪಾಲಿಗೋಸ್ಕರ ಮಕ್ಕಳು ತಿಂಗಳುಗಟ್ಟಲೆ ಕನ್ನಡಿ ಮುಂದೆ ನಿಂತು ನಾಲಿಗೆ ತಿರುಚುತ್ತಾರೆ. ಉಳಿದ 15 ಪಾಲಿನ ಕಡೆ ತಿರುಗಿಯೂ ನೋಡುವುದಿಲ್ಲ.

ಆ ಒಂದು ಪಾಲಿನಲ್ಲಾದರೂ ನೋಡುವುದು ಏನನ್ನು? ನೀವು ಬ್ರಿಟಿಷರ ಥರ ಮಾತಾಡುತ್ತೀರಾ ಅಂತಲ್ಲ. ನಿಮ್ಮ ಮಾತು ಕೇಳುವವರಿಗೆ ಸಲೀಸಾಗಿ ಅರ್ಥವಾಗುತ್ತದಾ ಅಂತ. ಅಂಕ ಕೊಡುವ ಮಾನದಂಡಗಳನ್ನು ಎಲ್ಲರೂ ನೋಡಲಿ ಅಂತಲೇ ಪ್ರಕಟಿಸಿದ್ದಾರೆ. ತೆಗೆದು ಓದಿ. 8ನೇ ಬ್ಯಾಂಡ್‌ನ ಸಾಲಿನಲ್ಲಿ, ಮಾತೃಭಾಷೆಯ ಛಾಯೆಯಿಂದ ಅರ್ಥವಾಗುವುದಕ್ಕೆ ಆಗುವ ಅಡ್ಡಿ ತೀರಾ ಕಡಿಮೆ ಎಂಬ ಮಾತಿದೆ. ಅಂದರೆ ಛಾಯೆ ಇರಬಹುದು, ಇದ್ದೂ 8 ಬರಬಹುದು. 9ರ ಸಾಲೂ ಆಕ್ಸೆಂಟ್ ಇರಲೇಬಾರದು ಅನ್ನುವುದಿಲ್ಲ, ಅದರಿಂದ ಅಡ್ಡಿಯಾಗಬಾರದು ಅನ್ನುತ್ತದೆ. ನಿಮಗೆ ಬೇಕಿರುವುದು ಆರೂವರೆ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿರುವಾಗ ಇನ್ನೂ ಯಾರ ಮಾತು ಕೇಳಿ ಹೆದರುತ್ತಿದ್ದೀರಿ?

ಕಾಲ್ ಸೆಂಟರ್‌ಗಳ ಕಾಲದಿಂದ ಉಳಿದುಬಂದ ಹೆದರಿಕೆ ಇದು. ಅಲ್ಲಿ ಅಮೆರಿಕದ ಗ್ರಾಹಕರ ಜೊತೆ ಫೋನಲ್ಲಿ ಮಾತಾಡಬೇಕಿತ್ತು, ಅದಕ್ಕೆ ಉಚ್ಚಾರದ ತರಬೇತಿ ಕೊಡುತ್ತಿದ್ದರು. ಆ ಕೆಲಸಕ್ಕೆ ಅದು ಬೇಕಿತ್ತು. ಓದಲು ಹೋಗುವವರಿಗೆ ಬೇಕಿಲ್ಲ. ನೀವು ಹೋಗುವ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಜರ್ಮನ್ ಇರಬಹುದು, ಲ್ಯಾಬ್‌ನಲ್ಲಿ ಪಕ್ಕದವರು ಚೀನಾದವರೋ ನೈಜೀರಿಯಾದವರೋ ಇರಬಹುದು. ಎಲ್ಲರೂ ಅವರವರ ಊರಿನ ಇಂಗ್ಲಿಷನ್ನೇ ಮಾತಾಡುತ್ತಾರೆ.

ಆಕ್ಸೆಂಟ್ ಹಾಕಿಕೊಂಡು ಮಾತಾಡುವುದರಿಂದ ನಷ್ಟವೂ ಇದೆ. ಮೊದಲ ಎರಡು ವಾಕ್ಯ ಅಮೆರಿಕದ ಥರ ಹೊರಳುತ್ತವೆ. ಪ್ರಶ್ನೆ ಸ್ವಲ್ಪ ಕಷ್ಟವಾದ ಕೂಡಲೇ ಮನಸ್ಸು ಉತ್ತರ ಹುಡುಕಬೇಕೋ, ನಾಲಿಗೆ ಕಾಯಬೇಕೋ ಗೊತ್ತಾಗದೆ ಮಾತು ನಿಂತುಬಿಡುತ್ತದೆ. ಆಗ ಹೋಗುವುದು ಮಾತಿನ ಓಟದ ಅಂಕ.

ಹಾಗಂತ ಉಚ್ಚಾರದಲ್ಲಿ ತಿದ್ದಿಕೊಳ್ಳುವುದು ಏನೂ ಇಲ್ಲ ಎಂದಲ್ಲ. ನಮ್ಮ ಕಡೆಯವರು ಗಮನಿಸಬೇಕಾದ್ದು ಮುಖ್ಯವಾಗಿ ಮೂರು. ಒಂದು, ಪದದ ಕೊನೆ ನುಂಗುವುದು. 'ವಾಕ್ಟ್' ಎನ್ನಬೇಕಾದ ಕಡೆ 'ವಾಕ್' ಅಂತ ನಿಲ್ಲಿಸಿದರೆ ಪರೀಕ್ಷಕರಿಗೆ ಅದು ವ್ಯಾಕರಣದ ತಪ್ಪಾಗಿಯೇ ಕೇಳಿಸುತ್ತದೆ. ನಿಮಗೆ ಭೂತಕಾಲ ಗೊತ್ತಿದ್ದೂ ಅಂಕ ಹೋಗುತ್ತದೆ. ಎರಡು, ಒತ್ತು. ಕನ್ನಡದಲ್ಲಿ ನಾವು ಅಕ್ಷರಗಳನ್ನು ಹೆಚ್ಚುಕಡಿಮೆ ಒಂದೇ ಸಮ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ ಹಾಗಲ್ಲ. 'ಡೆವೆಲಪ್' ಪದದಲ್ಲಿ ಒತ್ತು 'ವೆ' ಮೇಲೆ ಬೀಳಬೇಕು, 'ಡೆ' ಮೇಲಲ್ಲ. ನಿಮ್ಮ ವಿಷಯದಲ್ಲಿ ದಿನಾ ಬಳಸುವ ಪದಗಳನ್ನು ಆನ್‌ಲೈನ್ ನಿಘಂಟಿನಲ್ಲಿ ಕೇಳಿಸಿಕೊಂಡು ಒತ್ತು ಗುರುತು ಮಾಡಿಕೊಳ್ಳಿ. ಮೂರು, ವೇಗ. ಫಾಸ್ಟಾಗಿ ಮಾತಾಡಿದರೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂದುಕೊಳ್ಳುತ್ತಾರೆ ಅಂತ ಓಡುವವರು ತುಂಬಾ ಜನ. ನಿಧಾನಿಸಿ. ಈ ಮೂರಕ್ಕೂ ಕ್ಲಾಸ್ ಬೇಕಿಲ್ಲ. ಫೋನಲ್ಲಿ ರೆಕಾರ್ಡ್ ಮಾಡಿ ನೀವೇ ಕೇಳಿದರೆ ಸಾಕು.

ಉಚ್ಚಾರಕ್ಕಿಂತ ದೊಡ್ಡ ಶತ್ರು ಬಾಯಿಪಾಠ. ಸ್ಪೀಕಿಂಗ್‌ನ ಎರಡನೇ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಯೋಚಿಸಲು ಒಂದು ನಿಮಿಷ, ಆಮೇಲೆ ಒಂದೆರಡು ನಿಮಿಷ ನೀವೊಬ್ಬರೇ ಮಾತಾಡಬೇಕು. ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳಿಗೆ ಪ್ರಾಕ್ಟೀಸ್‌ನಲ್ಲಿ 'ನಿಮ್ಮ ಮನೆಯವರು ಮಾಡುವ ಒಂದು ಕೆಲಸ' ಅಂತ ಕಾರ್ಡ್ ಕೊಟ್ಟೆ. ಅಪ್ಪನ ಶ್ರಮ, ಶಿಸ್ತು ಅಂತ ಗೈಡಿನ ಸಾಲುಗಳನ್ನು ಒಪ್ಪಿಸತೊಡಗಿದಳು. ಮೂರನೇ ಸಾಲಿಗೆ ಮರೆತುಹೋಯಿತು. ನಿಲ್ಲಿಸಿ ಕೇಳಿದೆ, "ಈಗ ಮನೇಲಿ ಏನ್ ನಡೀತಿದೆ?" "ಹುಳ ನಾಲ್ಕನೇ ಜ್ವರಕ್ಕೆ ಕೂತಿದೆ ಮೇಡಂ." "ಅದನ್ನೇ ಇಂಗ್ಲಿಷಲ್ಲಿ ಹೇಳಮ್ಮ."

ಅವರ ಮನೇಲಿ ರೇಷ್ಮೆ ಹುಳ ಸಾಕುತ್ತಾರೆ, ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಹೇಳಿದಳು. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಆಗ ಸೊಪ್ಪು ಹಾಕಬಾರದು. ಪೊರೆ ಬಿಟ್ಟು ಎದ್ದ ಮೇಲೆ ಹಗಲೂ ರಾತ್ರಿ ತಿನ್ನುತ್ತದೆ, ಮನೆಯಲ್ಲಿ ಮಲಗಿದ್ದರೆ ಮಳೆ ಬಂದ ಹಾಗೆ ಸದ್ದು ಕೇಳುತ್ತದೆ. ಚಂದ್ರಿಕೆಗೆ ಇಂಗ್ಲಿಷ್ ಪದ ಗೊತ್ತಿರಲಿಲ್ಲ. ನಿಲ್ಲಲಿಲ್ಲ ಅವಳು. ಬಿದಿರಿನ ದೊಡ್ಡ ತಟ್ಟೆ, ಅದರ ಮೇಲೆ ಬಿದಿರಿನ ಪಟ್ಟಿ ಸುತ್ತು ಸುತ್ತಾಗಿ ಹೋಗುತ್ತದೆ, ಹಣ್ಣಾದ ಹುಳ ಅದರ ಸಂದಿಯಲ್ಲಿ ಗೂಡು ಕಟ್ಟುತ್ತದೆ ಎಂದು ಕೈಯಲ್ಲಿ ತೋರಿಸುತ್ತಾ ಹೇಳಿದಳು. ಗೊತ್ತಿಲ್ಲದ ಪದವನ್ನು ಹೀಗೆ ವಿವರಿಸಿ ದಾಟುವುದಕ್ಕೂ ಪರೀಕ್ಷೆಯಲ್ಲಿ ಬೆಲೆಯಿದೆ, ಪದಗಳ ಅಳತೆಯಲ್ಲೇ ಅದನ್ನು ನೋಡುತ್ತಾರೆ. ಎರಡು ಮೂರು ಕಡೆ ವ್ಯಾಕರಣ ತಪ್ಪಿತು. ಉಚ್ಚಾರ ಅಪ್ಪಟ ಶಿಡ್ಲಘಟ್ಟದ್ದು. ಪರೀಕ್ಷೆಯಲ್ಲಿ ಸ್ಪೀಕಿಂಗ್‌ಗೆ 7 ಬಂತು. ಇದನ್ನು ಹೊಸ ಬ್ಯಾಚ್‌ಗೆ ಹೇಳುವಾಗಲೆಲ್ಲ ನನಗೆ ಹೆಮ್ಮೆ.

ಹಳ್ಳಿ, ಕನ್ನಡ ಶಾಲೆ ಎಂಬ ಅಳುಕು ಇನ್ನೂ ಇದ್ದರೆ ನಮ್ಮ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿ ಬಂದು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ನಿಮ್ಮ ಸಮಯವನ್ನು ರೈಟಿಂಗ್‌ಗೆ ಕೊಡಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ಕಡಿಮೆ ಬರುವುದು ಅಲ್ಲೇ. ಒಂದು ಗಂಟೆಯಲ್ಲಿ ಎರಡು ಬರಹ, ಒಂದು 150 ಪದ, ಇನ್ನೊಂದು 250 ಪದ. ಎರಡನೆಯದಕ್ಕೆ ಎರಡು ಪಟ್ಟು ತೂಕ. ದಿನಾ ಒಂದು ಬರೆಯಿರಿ, ಯಾರಿಂದಾದರೂ ತಿದ್ದಿಸಿ. ಲಿಸನಿಂಗ್‌ಗೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಉಚಿತವಾಗಿದೆ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳೂ ಉಚಿತ. ನಿಮ್ಮ ವಿಷಯದ್ದನ್ನೇ ಹಾಕಿಕೊಂಡು ನೋಟ್ಸ್ ಮಾಡಿ, ವಿಷಯವೂ ಬರುತ್ತದೆ, ಇಂಗ್ಲಿಷ್ ಕೇಳುವ ಅಭ್ಯಾಸವೂ ಆಗುತ್ತದೆ. ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಬೆಲೆ, ಹಾಗಾಗಿ ಯಾವ ವರ್ಷ ಹೋಗುವುದು ಅಂತ ತೀರ್ಮಾನವಾಗುವ ಮೊದಲೇ ಬರೆದು ಕೂರಬೇಡಿ.

ಯಾರೂ ಕೇಳದ ಒಂದು ವಿಷಯ ಇದೆ, ಅದನ್ನೂ ಹೇಳಿಬಿಡುತ್ತೇನೆ: ನಿಮ್ಮ ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಒಂದೆರಡು ಅಕ್ಷರ ಇರುತ್ತದೆ. ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಎಂಬ ಕಾಲಂ ಬೇರೆ ಇರುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸರ್‌ನೇಮ್ ಎನ್ನುವುದೇ ಇಲ್ಲ. ಅಲ್ಲಿ ಅಣ್ಣ ಊರ ಹೆಸರು ಹಾಕಿಸಿರುತ್ತಾನೆ, ತಂಗಿ ಅಪ್ಪನ ಹೆಸರು ಹಾಕಿಸಿರುತ್ತಾಳೆ, ಇನ್ನು ಕೆಲವರು ಖಾಲಿ ಬಿಟ್ಟಿರುತ್ತಾರೆ. ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ನಿಮ್ಮ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ.

ಪರೀಕ್ಷೆಗೆ ನೋಂದಾಯಿಸುವಾಗ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಬೇಕು, ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗಲ್ಲ. ವಿಶ್ವವಿದ್ಯಾಲಯದ ಅರ್ಜಿ, ಬ್ಯಾಂಕಿನ ಶಿಕ್ಷಣ ಸಾಲ ಎಲ್ಲಕ್ಕೂ ಅದೇ ಹೆಸರು ಹೋಗಲಿ. ಪಾಸ್‌ಪೋರ್ಟ್‌ನಲ್ಲೇ ತಿದ್ದಿಸುವುದಿದ್ದರೆ ಅದನ್ನು ಮುಗಿಸಿಕೊಂಡು ಆಮೇಲೆ ಪರೀಕ್ಷೆ ಬುಕ್ ಮಾಡಿ. ಪರೀಕ್ಷೆಯ ದಿನ ಆ ಪಾಸ್‌ಪೋರ್ಟ್‌ನ ಒರಿಜಿನಲ್ಲೇ ಕೈಯಲ್ಲಿರಬೇಕು, ಜೆರಾಕ್ಸ್ ತಗೊಂಡು ಹೋದರೆ ಒಳಗೆ ಬಿಡುವುದಿಲ್ಲ.