ಏರ್ ಇಂಡಿಯಾದ ವಿಮಾನಗಳು ಮುದಿಯಾದದ್ದು ಹೇಗೆ?

ಮುಂದೆ ಏರ್ ಇಂಡಿಯಾದೊಂದಿಗೆ ವಿಲೀನವಾದ ಇಂಡಿಯನ್ ಏರ್‌ಲೈನ್ಸ್‌ನ ಹಳೆಯ ಏರ್‌ಬಸ್ ಎ320 ವಿಮಾನವನ್ನು ಚಕ್ರ ನೋಡಿಯೇ ಗುರುತಿಸಬಹುದಿತ್ತು. ಬೇರೆ ದೇಶಗಳ ಎ320ಗಳಿಗೆ ರೆಕ್ಕೆಯ ಕೆಳಗೆ ಒಂದೊಂದು ಬದಿಗೆ ಎರಡೆರಡು ಚಕ್ರಗಳಿದ್ದರೆ ಇದಕ್ಕೆ ನಾಲ್ಕು ನಾಲ್ಕು. ನಮ್ಮ ಸಣ್ಣ ನಿಲ್ದಾಣಗಳ ರನ್‌ವೇಗಳು ಭಾರ ತಾಳಲಾರವು ಎಂಬ ಅಂಜಿಕೆಯಿಂದ ಹೇಳಿ ಮಾಡಿಸಿಕೊಂಡ ಜೋಡಣೆ ಅದು. ಮುಂದೆ ರನ್‌ವೇಗಳು ಗಟ್ಟಿಯಾದವು, ಹೆಚ್ಚುವರಿ ಚಕ್ರಗಳು ಮಾತ್ರ ಹಾಗೆಯೇ ಉಳಿದವು. ಅವುಗಳ ತೂಕಕ್ಕೆ ಇಂಧನ ಸುಡಬೇಕು, ಬಿಡಿಭಾಗ ಬೇಕೆಂದರೆ ಬೇರೊಂದು ಸಂಸ್ಥೆಯನ್ನು ಕೇಳುವಂತಿಲ್ಲ. 1989ರಿಂದ ಬರತೊಡಗಿದ ಈ ವಿಮಾನಗಳಲ್ಲಿ ಕೆಲವು ಕಾಲು ಶತಮಾನ ದಾಟಿದ ಮೇಲೂ ಹಾರುತ್ತಿದ್ದವು.

ಸರ್ಕಾರದ ಕೈಯಲ್ಲಿದ್ದಷ್ಟು ಕಾಲ ಏರ್ ಇಂಡಿಯಾ ಹಳೆಯ ವಿಮಾನಗಳಲ್ಲಿ ಏಗಿದ್ದು ದುಡ್ಡಿಲ್ಲದ್ದಕ್ಕೆ ಎನ್ನುವುದು ವಾಡಿಕೆಯ ಮಾತು. ಅದು ಅರ್ಧ ಸತ್ಯ. ವಿಮಾನಕ್ಕೆ ವರ್ಷಕ್ಕೊಂದು ವರ್ಷ ವಯಸ್ಸಾಗುತ್ತದೆ. ಸರ್ಕಾರವೋ ಹತ್ತು ಹದಿನೈದು ವರ್ಷ ಕೈಕಟ್ಟಿ ಕೂತು, ಆಮೇಲೆ ಒಂದೇ ಏಟಿಗೆ ರಾಶಿ ವಿಮಾನ ಕೊಂಡಿತು. ಕೊಂಡದ್ದೂ ಸಾಲ ಮಾಡಿ. ರೋಗದ ಮೂಲ ಅಲ್ಲಿದೆ.

ಮೊದಲು ಹೀಗಿರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಜುಹೂಗೆ ಅಂಚೆ ಚೀಲ ಹೊತ್ತ ಪುಟ್ಟ ವಿಮಾನವನ್ನು ತಂದಿಳಿಸಿದ್ದು, 1948ರಲ್ಲಿ ಮುಂಬಯಿಯಿಂದ ಲಂಡನ್‌ಗೆ ಹಾರಾಟ ಶುರುವಾದದ್ದು ಎಲ್ಲರೂ ಕೇಳಿದ ಕಥೆ. ರಾಷ್ಟ್ರೀಕರಣ ಆದದ್ದು 1953ರಲ್ಲಿ. ಅದಾದ ಮೇಲೂ ಸಂಸ್ಥೆ ಹಿಂದೆ ಬೀಳಲಿಲ್ಲ ಎಂಬುದನ್ನು ಮರೆಯಬಾರದು. 1960ರಲ್ಲಿ ಬೋಯಿಂಗ್ 707 ಬಂತು, 1962ರ ಹೊತ್ತಿಗೆ ಏರ್ ಇಂಡಿಯಾದ ಬಳಿ ಜೆಟ್ ಬಿಟ್ಟರೆ ಬೇರೆ ವಿಮಾನವೇ ಇರಲಿಲ್ಲ. 1971ರಲ್ಲಿ ಜಂಬೊ 747 ಬಂತು. ಸರ್ಕಾರಿ ಸಂಸ್ಥೆಯಾದರೂ 1978ರವರೆಗೆ ಅಧ್ಯಕ್ಷ ಸ್ಥಾನದಲ್ಲಿ ಜೆ.ಆರ್.ಡಿ. ಇದ್ದರು. ಅವರ ಮಾತಿಗೆ ದೆಹಲಿಯಲ್ಲಿ ಬೆಲೆಯಿತ್ತು.

ದೇಶದೊಳಗೆ ಹಾರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಗಂಟು ಬಿದ್ದದ್ದು ಎಂಬತ್ತರ ದಶಕದಲ್ಲಿ. ಬೋಯಿಂಗ್ 757 ಕೊಳ್ಳುವುದೆಂದು ಒಲವು ತೋರಿದ್ದ ಸಂಸ್ಥೆ ಆಮೇಲೆ ಏರ್‌ಬಸ್ ಎ320 ಕಡೆ ಹೊರಳಿತು. ಆಗಿನ್ನೂ ಆ ಮಾದರಿ ಹಾರಾಟಕ್ಕೇ ಇಳಿದಿರಲಿಲ್ಲ. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಹೊರಟ ಹೊಚ್ಚ ಹೊಸ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುವ ಮುನ್ನ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. 92 ಜನ ಸತ್ತರು. ಸಂಸ್ಥೆಯ ಆ ಮಾದರಿಯ ವಿಮಾನಗಳನ್ನೆಲ್ಲ ತಿಂಗಳುಗಟ್ಟಲೆ ನೆಲಕ್ಕೆ ಕಟ್ಟಿಹಾಕಲಾಯಿತು. ತನಿಖೆ ಬೊಟ್ಟು ಮಾಡಿದ್ದು ಚಾಲಕರ ತಪ್ಪಿನ ಕಡೆಗೆ. ಅದೇ ವರ್ಷ ಖರೀದಿಯ ಬಗ್ಗೆ ಸಿಬಿಐ ಮೊಕದ್ದಮೆಯೂ ಬಿತ್ತು. ವಿಮಾನ ಕೊಳ್ಳುವ ಕಡತಕ್ಕೆ ಸಹಿ ಹಾಕಿದರೆ ಮುಂದೆ ಕೋರ್ಟು ಹತ್ತಬೇಕಾದೀತು ಎಂದು ಅಧಿಕಾರಿಗಳು ಹೆದರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈ ಮಧ್ಯೆ ಆಕಾಶ ತೆರೆದುಕೊಂಡಿತು. 1993ರಲ್ಲಿ ಜೆಟ್ ಏರ್‌ವೇಸ್ ಇದೇ ಮುಂಬಯಿಯಿಂದ ಹಾರಿತು, ಮರುವರ್ಷ ಸರ್ಕಾರದ ಏಕಸ್ವಾಮ್ಯದ ಕಾನೂನೂ ಹೋಯಿತು. ಸ್ಪರ್ಧೆ ಬಿರುಸಾದ ಆ ಹೊತ್ತಿನಲ್ಲಿ ಸರ್ಕಾರಿ ಸಂಸ್ಥೆಗಳು ಇದ್ದುದರಲ್ಲೇ ಸಂಭಾಳಿಸಿದವು. 1990ರ ದಶಕದ ನಡುವಿನಲ್ಲಿ ಬಂದ ಕೆಲವು 747-400ಗಳ ನಂತರ ಏರ್ ಇಂಡಿಯಾ ಕೊಂಡ ಮುಂದಿನ ಹೊಸ ವಿಮಾನ ಬರಲು ದಶಕವೇ ಕಳೆಯಿತು. ಪ್ರಸ್ತಾವ ಮಂಡಳಿಯಿಂದ ಸಚಿವಾಲಯಕ್ಕೆ, ಅಲ್ಲಿಂದ ಹಿಂದಕ್ಕೆ ಓಡಾಡುತ್ತಲೇ ಇತ್ತು. ಪ್ರಧಾನ ಕಚೇರಿ ನರೀಮನ್ ಪಾಯಿಂಟ್‌ನಲ್ಲಿ, ನಿರ್ಧಾರ ದೆಹಲಿಯಲ್ಲಿ.

2004ರ ಆರಂಭದಲ್ಲಿ ಏರ್ ಇಂಡಿಯಾ ಕೇಳಿದ್ದು 28 ವಿಮಾನ. ಸರ್ಕಾರ ಬದಲಾಯಿತು, ಇನ್ನೊಮ್ಮೆ ಯೋಚಿಸಿ ಎಂದು ಸಚಿವಾಲಯ ಹೇಳಿತು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ 68ಕ್ಕೆ ಏರಿತು. ಇಂಡಿಯನ್ ಏರ್‌ಲೈನ್ಸ್‌ನ 43 ಏರ್‌ಬಸ್ ಸೇರಿ ಒಟ್ಟು 111. ವರ್ಷಗಟ್ಟಲೆ ತೆವಳಿದ ಪ್ರಸ್ತಾವ ಕೊನೆಗೆ ಏದುಸಿರು ಬಿಡುತ್ತ ಓಡಿದ್ದನ್ನೂ, ಬಹುತೇಕ ಹಣ ಸಾಲದ್ದಾಗಿದ್ದನ್ನೂ 2011ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಕಟುವಾಗಿ ಟೀಕಿಸಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಆಡಿಕೊಳ್ಳುವುದು ಸುಲಭ. ಆದರೆ ವಿಮಾನ ಸಂಸ್ಥೆಗೆ ವಿಮಾನ ಮಲ್ಲಿಗೆಯಲ್ಲ, ಅದೇ ಹಿಟ್ಟು. ಕೊಂಡದ್ದು ತಪ್ಪಲ್ಲ, ಬಂಡವಾಳ ಹಾಕದೆ ಕೊಂಡದ್ದು ತಪ್ಪು.

2007ರಲ್ಲಿ ಎರಡೂ ಸಂಸ್ಥೆಗಳ ವಿಲೀನ. ಅದೇ ವರ್ಷ ಹೊಸ 777-200ಎಲ್‌ಆರ್ ಮುಂಬಯಿಯಿಂದ ನ್ಯೂಯಾರ್ಕ್‌ಗೆ ನಡುವೆ ಎಲ್ಲೂ ಇಳಿಯದೆ ಹಾರಿತು. ಹೆಮ್ಮೆಯೇನೋ ನಿಜ, ಗಿಟ್ಟಲಿಲ್ಲ. ಆ ಮಾದರಿಯ ಎಂಟರಲ್ಲಿ ಐದನ್ನು ಕೆಲವೇ ವರ್ಷಗಳಲ್ಲಿ ಅಬುಧಾಬಿಯ ಎತಿಹಾದ್‌ಗೆ ಮಾರಲಾಯಿತು. 2008ಕ್ಕೆ ಬರಬೇಕಿದ್ದ 787 ಡ್ರೀಮ್‌ಲೈನರ್ ಬಂದದ್ದು 2012ರ ಸೆಪ್ಟೆಂಬರ್‌ನಲ್ಲಿ. ಬಂದು ನಾಲ್ಕು ತಿಂಗಳಾಗುವಷ್ಟರಲ್ಲಿ ಬ್ಯಾಟರಿ ತೊಂದರೆಯಿಂದ ಜಗತ್ತಿನಾದ್ಯಂತ ಆ ಮಾದರಿಯೇ ನೆಲ ಹಿಡಿಯಿತು. ಡ್ರೀಮ್‌ಲೈನರ್‌ಗಳಲ್ಲಿ ಹಲವನ್ನು ಮಾರಿ, ಮತ್ತೆ ಅವನ್ನೇ ಬಾಡಿಗೆಗೆ ಪಡೆದು ಸಂಸ್ಥೆ ಉಸಿರು ಹಿಡಿಯಿತು. 2012ರಲ್ಲಿ ಕೇಂದ್ರ ಒಪ್ಪಿದ 30,231 ಕೋಟಿ ರೂಪಾಯಿಯ ನೆರವು ಬಂದದ್ದು ಕಂತು ಕಂತಾಗಿ, ಸಾಲದ ಬೆಟ್ಟ ಮಾತ್ರ ಕರಗಲಿಲ್ಲ.

ಇದೆಲ್ಲದರ ಪೆಟ್ಟು ಬಿದ್ದದ್ದು ಮುಂಬಯಿಯ ಕಲೀನಾ, ಸಾಂತಾಕ್ರೂಜ್‌ನ ಹ್ಯಾಂಗರುಗಳಲ್ಲಿ, ಅಂದರೆ ವಿಮಾನ ದುರಸ್ತಿಯ ಶೆಡ್ಡುಗಳಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ದಕ್ಷಿಣ ಕನ್ನಡದ ಎಷ್ಟೋ ಹುಡುಗರು ಸೇರಿದ ನೌಕರಿ ಇದು. ಬಿಡಿಭಾಗ ತರಿಸಲು ದುಡ್ಡಿಲ್ಲದಾಗ ಏನು ಮಾಡುತ್ತಾರೆ? ನಿಂತ ವಿಮಾನದಿಂದ ಒಂದು ಪಂಪನ್ನೋ ಕವಾಟವನ್ನೋ ಬಿಚ್ಚುತ್ತಾರೆ. ಅದಕ್ಕೆ ಚೀಟಿ ಕಟ್ಟಿ, ಎರಡೂ ವಿಮಾನಗಳ ದಾಖಲೆಯಲ್ಲಿ ಬರೆದು, ಹೊರಡಬೇಕಾದ ವಿಮಾನಕ್ಕೆ ಜೋಡಿಸಿ ಪರೀಕ್ಷಿಸುತ್ತಾರೆ. ಹೊಸ ಭಾಗ ಬಂದ ದಿನ ನಿಂತ ವಿಮಾನಕ್ಕೆ ಮತ್ತೆ ಅಷ್ಟೇ ಕೆಲಸ. ಒಂದು ಭಾಗಕ್ಕೆ ಎರಡು ಪಟ್ಟು ದುಡಿಮೆ. ನಿಯಮದೊಳಗೇ ಇರುವ ಕೆಲಸ, ಆದರೆ ಹೀಗೆ ಬಿಚ್ಚುತ್ತ ಹೋದರೆ ನಿಂತ ವಿಮಾನ ನಿಂತೇ ಇರುತ್ತದೆ. ಖರೀದಿ ಎಷ್ಟು ದೊಡ್ಡದಾಗಿದ್ದರೂ ಹಾರುವ ವಿಮಾನಗಳ ಲೆಕ್ಕ ಕುಗ್ಗುತ್ತದೆ.

ಹಳೆಯದು ಎಂದರೆ ಅಪಾಯ ಎಂಬ ಸಮೀಕರಣವನ್ನು ಮಾತ್ರ ಒಪ್ಪಬೇಕಿಲ್ಲ. ಮಂಗಳೂರಿನ ನಮ್ಮ ಬಜ್ಪೆಯಲ್ಲಿ 2010ರ ಮೇ 22ರಂದು 158 ಜನರನ್ನು ಬಲಿ ತೆಗೆದುಕೊಂಡ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737ಕ್ಕೆ ಮೂರು ವರ್ಷವೂ ತುಂಬಿರಲಿಲ್ಲ. ಸರಿಯಾಗಿ ನೋಡಿಕೊಂಡರೆ ಇಪ್ಪತ್ತು ವರ್ಷದ ವಿಮಾನವೂ ಗಟ್ಟಿ. ಮುದಿತನ ಮೊದಲು ಕಾಣುವುದು ಇಂಧನದ ಬಿಲ್ಲಿನಲ್ಲಿ, ದುರಸ್ತಿಗೆ ನಿಂತ ದಿನಗಳಲ್ಲಿ, ಪ್ರಯಾಣಿಕರ ಮುರಿದ ಸೀಟಿನಲ್ಲಿ.

2018ರಲ್ಲಿ ಶೇ 76ರಷ್ಟು ಪಾಲನ್ನು ಮಾರಾಟಕ್ಕಿಟ್ಟಾಗ ಒಬ್ಬರೂ ಬಿಡ್ ಮಾಡಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಟಾಟಾ 18,000 ಕೋಟಿಗೆ ಗೆದ್ದಿತು. ಅದರಲ್ಲಿ 15,300 ಕೋಟಿ ಸಾಲದ ಹೊರೆ, ನಗದು 2,700 ಕೋಟಿ. ಉಳಿದ 46,262 ಕೋಟಿ ಹೊರೆ ಸರ್ಕಾರದ ತಲೆಗೇ ಬಂತು, ಅಂದರೆ ನಮ್ಮ ತಲೆಗೆ. 2022ರ ಜನವರಿ 27ರಂದು ಹಸ್ತಾಂತರವಾಯಿತು. 2024ರ ಏಪ್ರಿಲ್‌ನಲ್ಲಿ ಕೊನೆಯ 747 ಮುಂಬಯಿಯಿಂದ ಮೇಲೇರಿ, ರೆಕ್ಕೆ ತೂಗಿ, ಬಿಡಿಬಿಡಿಯಾಗಲು ಅಮೆರಿಕಕ್ಕೆ ಹೋಯಿತು.

ಹೊಸ ಒಡೆಯರು 2023ರಲ್ಲಿ 470 ವಿಮಾನಗಳಿಗೆ ಬೇಡಿಕೆ ಇಟ್ಟರು, ಮರುವರ್ಷ ಇನ್ನೂ 100 ಏರ್‌ಬಸ್ ಸೇರಿಸಿದರು. ಇದೂ ರಾಶಿ ಖರೀದಿಯೇ ಅಲ್ಲವೇ ಎಂದರೆ ಹೌದು. ಆದರೆ ಇವು ವರ್ಷಗಳುದ್ದಕ್ಕೂ ಸಾಲಾಗಿ ಬರುವಂಥವು, ಬೆನ್ನಿಗೆ ಬಂಡವಾಳವಿದೆ. ಅಲ್ಲಿಯವರೆಗೆ ಸರ್ಕಾರದ ಕಾಲದ 777, 787ಗಳೂ ಹಾರಬೇಕು. ಅವುಗಳ ಒಳಾಂಗಣ ನವೀಕರಣ ಆಸನಗಳ ಪೂರೈಕೆ ತಡವಾಗಿ ಹಿಂದೆ ಬಿತ್ತು. ಹ್ಯಾಂಗರಿನ ಎಂಜಿನಿಯರಿಂಗ್ ಸಂಸ್ಥೆ ಎಐಇಎಸ್‌ಎಲ್ ಮಾರಾಟದಲ್ಲಿ ಸೇರಿರಲಿಲ್ಲ, ಅದನ್ನು ಸರ್ಕಾರ ಇಟ್ಟುಕೊಂಡಿತು. ಹಾಗಾಗಿ ಏರ್ ಇಂಡಿಯಾ ತನ್ನದೇ ದುರಸ್ತಿ ಕೇಂದ್ರವನ್ನು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಟ್ಟಲು ಹೊರಟಿತು. ಕಲೀನಾಕ್ಕೆ ಬಂದು ನೆಲೆಸಿದವರ ಮೊಮ್ಮಕ್ಕಳು ಈ ಕೆಲಸಕ್ಕೆ ಸೇರುವುದಾದರೆ ಅರ್ಜಿ ಹಾಕಬೇಕಾದದ್ದು ಬೆಂಗಳೂರಿಗೆ.